ತಾನೇ ತಿರುಗುವ ಚಕ್ರ

ಕನ್ನಡ ಪಾಠ ಹೇಳುವವನಿಗೂ ಮೋಟರಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟೇನೂ ಇರಲಿಲ್ಲ. ನಮ್ಮ ಪಾವಗಡದಲ್ಲಿ ನಾಲ್ವರು ಸೇರಿ ಒಂದು ಯಂತ್ರವನ್ನು ಕಟ್ಟಿದರು. ಅದಕ್ಕೆ ನಾನೊಂದು ಹೆಸರನ್ನಿಟ್ಟೆ. ಆ ಹೆಸರು ಯಂತ್ರಕ್ಕಿಂತ ಮುಂದೆ ಓಡಿತು. ಓಡಿದ ಹೆಸರನ್ನು ಹಿಂದಕ್ಕೆ ಕರೆತಂದ ಬಗೆಯನ್ನು ಹೇಳುವುದಷ್ಟೇ ಈ ಬರಹದ ಉದ್ದೇಶ.

ಪಾವಗಡವನ್ನು ನಕ್ಷೆಯಲ್ಲಿ ನೋಡಿದವರಿಗೆ ಅದು ತುಮಕೂರು ಜಿಲ್ಲೆಯ ಕೈತಪ್ಪಿ ಆಂಧ್ರದ ಮಡಿಲಿಗೆ ಜಾರಿದ ಹಾಗೆ ತೋರುತ್ತದೆ. ಬಹುಪಾಲು ಸುತ್ತಲೂ ಆಂಧ್ರಪ್ರದೇಶದ ನೆಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಊರಿನ ಬೆನ್ನಿಗೆ ಕೋಟೆಯ ಬಂಡೆಬೆಟ್ಟ. ಶನಿವಾರ ಬಂತೆಂದರೆ ಶನಿಮಹಾತ್ಮನ ಗುಡಿಗೆ ದೂರದೂರುಗಳಿಂದ ಜನ ಬರುತ್ತಾರೆ. ಬಾರದಿರುವುದು ಮಳೆಯೊಂದೇ. ಶೇಂಗಾ ಬಿತ್ತಿ ಮೋಡ ನೋಡುವುದು ಇಲ್ಲಿಯ ಒಕ್ಕಲಿಗೆ ತಲೆಮಾರುಗಳಿಂದ ಬಂದ ವ್ರತ. ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿಗಳು ಬಂದವು. ಅವೂ ಬತ್ತುತ್ತ ಸಾವಿರ ಅಡಿಯ ಆಳ ಈಗ ಸೋಜಿಗದ ಮಾತಾಗಿ ಉಳಿದಿಲ್ಲ. ಅಷ್ಟು ಕೆಳಗಿನಿಂದ ನೀರನ್ನೆತ್ತುವುದು ಎತ್ತಿನ ಕೈಲಿ ಆಗುವ ಕೆಲಸವಲ್ಲ. ಆದ್ದರಿಂದ ನಮ್ಮ ತಾಲ್ಲೂಕಿನ ರೈತನ ಹಣೆಬರಹ ಮಳೆಯ ಕೈಯಿಂದ ಮೋಟರಿನ ಕೈಗೆ ಹೋಗಿದೆ.

ಆ ಮೋಟರು ಸುಟ್ಟಾಗ ಅದನ್ನು ಹೊತ್ತುಕೊಂಡು ಬರುವುದು ವೈಂಡಿಂಗ್ ಅಂಗಡಿಗೆ. ನಮ್ಮ ಬೀದಿಯ ತಿರುವಿನಲ್ಲಿರುವ ಅಂಥದೊಂದು ಅಂಗಡಿಯ ಯಜಮಾನರು ನನಗಿಂತ ಹತ್ತು ವರ್ಷ ಹಿರಿಯರು. ಏಳನೆಯ ತರಗತಿಗೆ ಶಾಲೆ ಬಿಟ್ಟು, ತಂದೆಯ ಜೊತೆಯಲ್ಲಿ ತಾಮ್ರದ ತಂತಿ ಸುತ್ತುತ್ತ ಬೆಳೆದವರು. ಅವರ ಬೆರಳುಗಳಿಗೆ ಎಣಿಕೆ ಬರುತ್ತದೆ; ಮಾತಾಡುತ್ತಲೇ ಸುತ್ತಿದರೂ ಸುರುಳಿಯಲ್ಲಿ ಒಂದು ಸುತ್ತು ಹೆಚ್ಚಲ್ಲ, ಒಂದು ಸುತ್ತು ಕಡಿಮೆಯಲ್ಲ. ಸಂಜೆಯ ಹೊತ್ತು ಅವರ ಬಾಗಿಲಿನ ಕಟ್ಟೆಯ ಮೇಲೆ ಕುಳಿತು ಕಾಫಿ ಕುಡಿಯುವುದು ನನಗೆ ಬಹು ಕಾಲದ ಅಭ್ಯಾಸ. ನಾನು ಅವರನ್ನು ‘ಅಣ್ಣ’ ಎನ್ನುತ್ತೇನೆ; ಅವರಿಗೆ ನಾನು ‘ಮೇಷ್ಟ್ರು’.

ಬೇಸಗೆಯಲ್ಲಿ ಆ ಅಂಗಡಿಗೆ ಬಿಡುವೆಂಬುದಿಲ್ಲ. ನೀರು ಕೆಳಗಿಳಿದಂತೆಲ್ಲ ಪಂಪು ಇಳಿಯಬೇಕು. ಪಂಪು ಇಳಿದಂತೆಲ್ಲ ಮೋಟರು ಹಿರಿದಾಗಬೇಕು. ಎಲ್ಲರ ಮೋಟರೂ ಒಮ್ಮೆಗೇ ತಿರುಗಿದಾಗ ತಂತಿಯಲ್ಲಿ ವೋಲ್ಟೇಜು ಬೀಳುತ್ತದೆ. ವೋಲ್ಟೇಜು ಬಿದ್ದಾಗ ಮೋಟರು ಮೆಲ್ಲಗೆ ದುಡಿದು ಸುಮ್ಮನಿರುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲ. ಮೇಲೆತ್ತಬೇಕಾದ ನೀರಿನ ಭಾರ ಅಷ್ಟೇ ಇರುವುದರಿಂದ ಅದು ಹೆಚ್ಚು ಕರೆಂಟನ್ನು ಎಳೆದುಕೊಳ್ಳುತ್ತದೆ; ಒಳಗಿನ ತಾಮ್ರ ಕಾಯುತ್ತದೆ; ತಂತಿಯ ಮೇಲಿನ ಹೊದಿಕೆ ಕರಗುತ್ತದೆ; ಕೊನೆಗೆ ಸುಟ್ಟ ವಾಸನೆಯೊಡನೆ ಎಲ್ಲವೂ ನಿಲ್ಲುತ್ತದೆ. ಬೆಳೆ ಒಣಗುವ ವಾರದಲ್ಲಿಯೇ ಮೋಟರು ಸುಡುವುದು ಏಕೆ ಎಂಬುದಕ್ಕೆ ಶನಿಯ ಕಾಟಕ್ಕಿಂತ ಹತ್ತಿರದ ಕಾರಣ ಇದು. ಮೂವತ್ತು ವರ್ಷ ಆ ವಾಸನೆಯನ್ನು ಕುಡಿದ ಮನುಷ್ಯನಿಗೆ ಒಂದು ದಿನ ಹೀಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ: “ಕರೆಂಟೇ ಬೇಡದ ಮೋಟ್ರು ಒಂದು ಮಾಡೋಕಾಗಲ್ವಾ, ಮೇಷ್ಟ್ರೇ?”

ಈ ಆಸೆಗೆ ಜೊತೆಗಾರರೂ ದೊರೆತರು. ಒಬ್ಬರು ಕೈಗಡಿಯಾರ ರಿಪೇರಿ ಮಾಡುತ್ತಿದ್ದು ಈಗ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ದವರು. ಒಬ್ಬ ಅಣ್ಣನ ತಂಗಿಯ ಮಗ. ಡಿಪ್ಲೊಮಾ ಓದುತ್ತಿದ್ದ ಹುಡುಗ. ಮತ್ತೊಬ್ಬರು ಮೈಕ್ ಸೆಟ್ಟಿನವರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಇವರ ಸಭೆ. ಮೈಕ್ ಸೆಟ್ಟಿನವರು ಕೆಟ್ಟ ಧ್ವನಿಪೆಟ್ಟಿಗೆಗಳನ್ನು ಒಡೆದು ಕಪ್ಪು ಬಳೆಯಂಥ ಕಾಂತಗಳನ್ನು ತರುವರು. ಹುಡುಗ ಹಳೆಯ ಕಂಪ್ಯೂಟರುಗಳ ಹಾರ್ಡ್ ಡಿಸ್ಕುಗಳನ್ನು ಬಿಚ್ಚಿ ಬೆಳ್ಳಿಯ ಬಣ್ಣದ ಸಣ್ಣ ತುಂಡುಗಳನ್ನು ತರುವನು. ಅವು ನಿಯೋಡಿಮಿಯಮ್ ಕಾಂತಗಳು. 1980ರ ದಶಕದ ಮೊದಲಲ್ಲಿ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಬೇರೆಬೇರೆಯಾಗಿ ಕಂಡುಹಿಡಿದ ಈ ವಸ್ತು ಗಾತ್ರದಲ್ಲಿ ಅಡಿಕೆಹೋಳಿನಷ್ಟಿದ್ದರೂ ಎರಡರ ನಡುವೆ ಬೆರಳು ಸಿಕ್ಕಿದರೆ ರಕ್ತ ಬರುತ್ತದೆ. ಸೈಕಲ್ಲಿನ ಚಕ್ರ, ಹಳೆಯ ಫ್ಯಾನಿನ ಬೇರಿಂಗು, ಬಡಗಿಯಿಂದ ಬೇಡಿ ತಂದ ಹಲಗೆ, ಬಂಡವಾಳ ಇಷ್ಟೆ.

ಮೊದಲ ಚಕ್ರವನ್ನು ನಾನು ಚೆನ್ನಾಗಿ ಬಲ್ಲೆ. ಅಂಚಿನ ಸುತ್ತ ಹನ್ನೆರಡು ಕಾಂತಗಳನ್ನು ಒಂದೇ ಓರೆಯಲ್ಲಿ ಅಂಟಿಸಿದ್ದರು. ಅಣ್ಣ ಮತ್ತೊಂದು ಕಾಂತವನ್ನು ಕೈಯಲ್ಲಿ ಹಿಡಿದು ಅಂಚಿನ ಬಳಿಗೆ ತಂದರೆ ಚಕ್ರ ಹೆದರಿದ ಕರುವಿನಂತೆ ಓಡುತ್ತಿತ್ತು. ನಾವೆಲ್ಲ ಎದ್ದುನಿಂತೆವು. ಅದೇ ಕಾಂತವನ್ನು ಹಲಗೆಗೆ ಬಿಗಿದು ನಿಲ್ಲಿಸಿದಾಗ ಮಾತ್ರ ಚಕ್ರ ಅರ್ಧ ಸುತ್ತು ಹೋಗಿ, ಹಿಂದಕ್ಕೆ ಬಂದು, ತೊಟ್ಟಿಲಿನಂತೆ ತೂಗಿ, ಒಂದು ಕಡೆ ಅಂಟಿಕೊಂಡು ನಿಂತಿತು. ಕೈಯಲ್ಲಿದ್ದಾಗ ಓಡುವುದು, ಹಲಗೆಯಲ್ಲಿದ್ದಾಗ ನಿಲ್ಲುವುದು. ಹಲಗೆಯನ್ನು ಬದಲಿಸಿದರು, ಓರೆಯನ್ನು ಬದಲಿಸಿದರು, ಹನ್ನೆರಡನ್ನು ಹದಿಮೂರು ಮಾಡಿದರು, ನಡುವೆ ಕಬ್ಬಿಣದ ತಗಡನ್ನು ಅಡ್ಡ ಹಿಡಿದರು. ಚಕ್ರ ಅಂಟುವ ಜಾಗ ಬದಲಾಯಿತು, ಅಂಟುವುದು ಬದಲಾಗಲಿಲ್ಲ.

ಹುಡುಗ ಒಂದು ಉಪಾಯ ಹೂಡಿದ. ಅಂಟುವ ಜಾಗದಲ್ಲಿ ತಂತಿಯ ಒಂದು ಸುರುಳಿಯನ್ನಿಟ್ಟು, ಕಾಂತ ಅಲ್ಲಿಗೆ ಬಂದ ಕ್ಷಣಕ್ಕೆ ಸರಿಯಾಗಿ ಒಂದು ಬ್ಯಾಟರಿಯಿಂದ ಚಿಟಿಕೆಯಷ್ಟು ಕರೆಂಟು ಹರಿಸುವುದು. ಆ ಕ್ಷಣವನ್ನು ಗುರುತಿಸಲು ಗಾಜಿನ ಕೊಳವೆಯೊಳಗಿನ ಒಂದು ಪುಟ್ಟ ಸ್ವಿಚ್ಚು. ಕಾಂತ ಎದುರಿಗೆ ಬಂದರೆ ಅದು ತಾನಾಗಿ ಕೂಡಿಕೊಳ್ಳುತ್ತದೆ, ದಾಟಿಹೋದರೆ ಬಿಡುತ್ತದೆ. ಸುರುಳಿಯಿಂದ ಹಿಂದಿರುಗುವ ಹೊಡೆತವನ್ನು ಮತ್ತೆ ಬ್ಯಾಟರಿಗೇ ಕಳುಹಿಸುವ ಏರ್ಪಾಡನ್ನೂ ಮಾಡಿದ. ಈ ಎರಡನೆಯ ಚಕ್ರ ತಿರುಗಿತು. ಸಂಜೆಯಿಂದ ಬೆಳಗಿನವರೆಗೆ ತಿರುಗಿತು. ಬೆಳಗ್ಗೆ ಮೀಟರು ಹಿಡಿದು ನೋಡಿದರೆ ಬ್ಯಾಟರಿಯ ವೋಲ್ಟೇಜು ಇಳಿದಂತೆಯೇ ಇರಲಿಲ್ಲ. “ಅದು ಬರೀ ಚಿಟಿಕೆ, ಮೇಷ್ಟ್ರೇ. ಕೊಟ್ಟಿದ್ದು ವಾಪಸ್ ಬರ್ತೈತೆ. ತಿರುಗಿಸೋದೆಲ್ಲಾ ಕಾಂತಾನೇ,” ಎಂದರು ಅಣ್ಣ. ಅವರ ಕಣ್ಣು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕೆಂಪಾಗಿತ್ತು. ಆ ಕಣ್ಣುಗಳನ್ನು ನೋಡಿ ನಾನು ಪ್ರಶ್ನೆ ಕೇಳಲಿಲ್ಲ.

ಈಗ ನನ್ನ ಪಾತ್ರ ಬರುತ್ತದೆ. ಯಂತ್ರವನ್ನು ನಾಲ್ಕು ಜನಕ್ಕೆ ತಿಳಿಸಲು ಒಂದು ಕರಪತ್ರ ಬೇಕು, ಒಂದು ಒಳ್ಳೆಯ ಹೆಸರು ಬೇಕು ಎಂದರು. ಪದಗಳೆಂದರೆ ನನಗೆ ಹಬ್ಬ. ಅಯಸ್ಕಾಂತವೆಂಬ ಮಾತನ್ನೇ ನೋಡಿ: ಅಯಸ್ಸೆಂದರೆ ಕಬ್ಬಿಣ, ಕಾಂತನೆಂದರೆ ನಲ್ಲ, ಕಬ್ಬಿಣದ ನಲ್ಲ! ತಪಸ್ಸಿನಲ್ಲಿದ್ದ ಶಿವನ ಮನಸ್ಸನ್ನು ಪಾರ್ವತಿಯ ಚೆಲುವು ಸೆಳೆಯಬೇಕೆಂಬುದಕ್ಕೆ ಕಾಳಿದಾಸನು ಕುಮಾರಸಂಭವದಲ್ಲಿ ಇದನ್ನೇ ಉಪಮೆಯಾಗಿ ತಂದಿದ್ದಾನೆ. ನಮ್ಮ ಕನ್ನಡ ‘ಸೂಜಿಗಲ್ಲು’ ಎಂದು ಮನೆಯ ಮಾತಿನಲ್ಲಿಯೇ ಮುಗಿಸಿತು. ಇನ್ನು ತಾನೇ ತಿರುಗುವ ಚಕ್ರಕ್ಕೂ ನಮ್ಮಲ್ಲಿ ಹಳೆಯ ಹೆಸರುಂಟು. 628ರಲ್ಲಿ ಬ್ರಹ್ಮಗುಪ್ತನೂ, 1150ರಲ್ಲಿ ತನ್ನ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರಾಚಾರ್ಯನೂ ಅಂಥ ಚಕ್ರವನ್ನು ವರ್ಣಿಸಿದ್ದಾರೆ. ಟೊಳ್ಳು ಅರಗಳು, ಅವುಗಳೊಳಗೆ ಅರ್ಧ ತುಂಬಿದ ಪಾದರಸ. ಪಾದರಸ ಒಂದು ಕಡೆಗೆ ಹರಿಯುತ್ತಿರಲು ಚಕ್ರ ತಿರುಗುತ್ತಲೇ ಇರುವುದೆಂಬ ಎಣಿಕೆ. ಭಾಸ್ಕರನ ಊರು ನಮ್ಮ ವಿಜಯಪುರವೆಂದು ನಮ್ಮವರೂ, ಮಹಾರಾಷ್ಟ್ರದ ಕಡೆಯದೆಂದು ಅಲ್ಲಿಯವರೂ ವಾದಿಸುತ್ತಾರೆ. ಆ ವಾದ ಇಲ್ಲಿ ಬೇಡ. ಇಂಥ ಯಂತ್ರವನ್ನು ಶಾಸ್ತ್ರಕಾರರು ‘ಸ್ವಯಂವಹ’ ಎಂದರು. ನಾನು ಆ ಹೆಸರನ್ನು ಎತ್ತಿಕೊಂಡೆ. “ಸ್ವಯಂವಹ: ವಿದ್ಯುತ್ತಿನ ಹಂಗಿಲ್ಲದ ಕಾಂತಯಂತ್ರ” ಎಂದು ತಲೆಬರಹ ಬರೆದೆ. ಭಾಸ್ಕರಾಚಾರ್ಯನ ಹೆಸರನ್ನೂ ಸೇರಿಸಿದೆ. ಹಳದಿ ಕಾಗದದಲ್ಲಿ, ಒಂದೇ ಮಗ್ಗುಲು, 200 ಪ್ರತಿ ಅಚ್ಚಾಯಿತು. ಒಂದೂ ಅಚ್ಚಿನ ತಪ್ಪಿಲ್ಲವೆಂದು ನಾನು ಹಿಗ್ಗಿದೆ.

ಕರಪತ್ರ ಹೊರಟ ವಾರದಲ್ಲಿಯೇ ತಿರುಮಣಿಯ ಕಡೆಯ ರೈತರೊಬ್ಬರು ಅಂಗಡಿಗೆ ಬಂದರು. ಆ ಸೀಮೆಯ ಹೆಸರನ್ನು ವಾಚಕರು ಕೇಳಿಯೇ ಇರುತ್ತಾರೆ. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಉದ್ಯಾನ ಹಬ್ಬಿಕೊಂಡಿದೆ. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ ಪೂರ್ಣವಾದಾಗ ಅದರ ಸಾಮರ್ಥ್ಯ 2,050 ಮೆಗಾವ್ಯಾಟು. ನೆಲವನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು, ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಈ ರೈತರೂ ಐದು ಎಕರೆ ಕೊಟ್ಟವರು. ಉಳಿದ ಎರಡು ಎಕರೆಗೆ ಕೊಳವೆಬಾವಿ ಇತ್ತು. ಮೋಟರು ಎರಡು ಸಲ ಸುಟ್ಟಿತ್ತು. ಅವರ ಕೈಯಲ್ಲಿ ನನ್ನ ಹಳದಿ ಕಾಗದವಿತ್ತು. ಹೆಗಲ ಚೀಲದಲ್ಲಿ ಹಣವಿತ್ತು. “ಒಂದು ವರ್ಷದ ಗುತ್ತಿಗೆ ದುಡ್ಡು. ಮಗಳ ನರ್ಸಿಂಗ್ ಫೀಸಿಗೆ ಅಂತ ಇಟ್ಟಿದ್ದೆ. ಮೊದಲ್ನೇ ಮೋಟ್ರು ನನಗೇ ಮಾಡಿಕೊಡಣ್ಣ. ಮೇಷ್ಟ್ರು ಬರೆದವ್ರೆ ಅಂದ್ಮೇಲೆ ಸುಳ್ಳಿರಲ್ಲ,” ಎಂದರು. ಅಣ್ಣ ನನ್ನ ಮುಖ ನೋಡಿದರು. ನಾನು ಕಾಫಿಯ ಲೋಟ ನೋಡಿದೆ. “ಮುಂದಿನ ಬುಧವಾರ ಬಾರಣ್ಣ, ಮಾತಾಡಾನ,” ಎಂದು ಅಣ್ಣ ಅವರನ್ನು ಕಳುಹಿಸಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಸಹೋದ್ಯೋಗಿಯ ಮುಂದೆ ಕರಪತ್ರವನ್ನಿಟ್ಟೆ. ಅವರು ನಗಲಿಲ್ಲ, ನಕ್ಕಿದ್ದರೆ ಮೇಲಾಗಿತ್ತು. “ಕಪಿಲೆ ನೋಡಿದ್ದೀರಾ?” ಎಂದು ಕೇಳಿದರು. ನೋಡಿದ್ದೇನೆ, ಬಾಲ್ಯದಲ್ಲಿ ಅಜ್ಜನ ತೋಟದಲ್ಲಿ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಹಗ್ಗವನ್ನೆಳೆಯುವುವು. ಬಾವಿಯಿಂದ ತೊಗಲಿನ ಚೀಲ ತುಂಬಿ ಮೇಲೆ ಬರುವುದು. ಇಳಿಜಾರು ಎತ್ತಿಗೆ ನೆರವಾಗುವುದುಂಟು. ಆದರೆ ನೀರು ಸುರಿದ ಮೇಲೆ ಎತ್ತು ಅದೇ ಏರನ್ನು ಹಿಂದೆ ಹಿಂದೆ ಹತ್ತಿ ಬಾವಿಯ ಬಳಿಗೆ ಬರಲೇಬೇಕು. ಇಳಿಯುವಾಗ ಕೊಟ್ಟ ನೆರವನ್ನು ಏರುವಾಗ ಇಳಿಜಾರು ಲೆಕ್ಕ ತಪ್ಪದೆ ವಸೂಲು ಮಾಡುತ್ತದೆ. ನೀರೆತ್ತಿದ್ದು ಎತ್ತು ತಿಂದ ಹುಲ್ಲು; ಇಳಿಜಾರಲ್ಲ. “ಕಾಂತವೂ ಇಳಿಜಾರೇ. ಹತ್ತಿರ ಬರುವಾಗ ಎಳೆದುಕೊಳ್ಳುತ್ತದೆ. ದಾಟಿ ಹೋಗುವಾಗ ಅಷ್ಟನ್ನೇ ಹಿಡಿದು ನಿಲ್ಲಿಸುತ್ತದೆ. ಒಂದು ಸುತ್ತು ಮುಗಿದು ಹೊರಟಲ್ಲಿಗೇ ಬಂದರೆ ಲಾಭ ಸೊನ್ನೆ. ನೀವು ಓರೆ ಇಟ್ಟರೂ ಅಷ್ಟೆ, ನೇರ ಇಟ್ಟರೂ ಅಷ್ಟೆ. ತಗಡು ಅಡ್ಡ ಹಿಡಿದರೆ, ಆ ತಗಡನ್ನು ಕಾಂತದ ಹಿಡಿತದಿಂದ ಹೊರಗೆಳೆಯುವುದಕ್ಕೆ ಅಷ್ಟೇ ದುಡಿಮೆ ಬೇಕು,” ಎಂದರು. ಕೈಯಲ್ಲಿ ಹಿಡಿದಾಗ ಚಕ್ರ ಓಡಿದ್ದೇಕೆ ಎಂದು ಕೇಳಿದೆ. “ಕೈ ಸುಮ್ಮನಿರುವುದಿಲ್ಲ. ಕಾಂತ ಹಿಂದಕ್ಕೆಳೆಯುವ ಹೊತ್ತಿಗೆ ಅರಿವಿಲ್ಲದೆಯೇ ಕೈ ಒಂದು ನೂಲು ಹಿಂಜರಿಯುತ್ತದೆ. ಚಕ್ರವನ್ನು ತಿರುಗಿಸಿದ್ದು ನಿಮ್ಮ ಅಣ್ಣನ ತೋಳು. ಅವರು ತಿಂದ ಮುದ್ದೆ.”

ಈ ಮರುಳು ನಮ್ಮ ಊರಿನದು ಮಾತ್ರವಲ್ಲವೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು. 1269ರಲ್ಲಿ ಇಟಲಿಯ ಲುಚೇರಾ ಎಂಬ ಕೋಟೆಗೆ ಹಾಕಿದ್ದ ಮುತ್ತಿಗೆಯ ಪಾಳೆಯದಲ್ಲಿದ್ದ ಪೀಟರ್ ಪೆರೆಗ್ರಿನಸ್ ಎಂಬವನು ಸೂಜಿಗಲ್ಲಿನ ಗುಣಗಳನ್ನು ವಿವರಿಸಿ ಗೆಳೆಯನಿಗೆ ಒಂದು ಪತ್ರ ಬರೆದ. ಕಾಂತದ ಎರಡು ಧ್ರುವಗಳನ್ನು ಅಷ್ಟು ಸ್ಪಷ್ಟವಾಗಿ ಹೇಳಿದ ಆ ಪತ್ರದ ಕೊನೆಯಲ್ಲಿಯೇ ಕಾಂತದಿಂದ ತಾನೇ ತಿರುಗುವ ಚಕ್ರದ ಆಸೆಯೂ ಇದೆ. ಇಂಥ ಚಕ್ರಗಳ ಅಹವಾಲು ಕೇಳಿ ಕೇಳಿ ದಣಿದ ಪ್ಯಾರಿಸಿನ ವಿಜ್ಞಾನ ಅಕಾಡೆಮಿ 1775ರಲ್ಲಿ ಇನ್ನು ಮುಂದೆ ನಿರಂತರ ಚಲನೆಯ ಯಂತ್ರಗಳನ್ನು ಪರಿಶೀಲಿಸುವುದಿಲ್ಲವೆಂದು ನಿರ್ಣಯಿಸಿತು. ಅಮೆರಿಕದಲ್ಲಿ ಹೋವರ್ಡ್ ಜಾನ್ಸನ್ ಎಂಬವನಿಗೆ 1979ರಲ್ಲಿ ಬರಿಯ ಕಾಂತಗಳ ಮೋಟರಿಗೆ ಪೇಟೆಂಟೇ ದೊರೆಯಿತು. ಗಡಿಯಾರದವರು ಇದನ್ನು ಬ್ರಹ್ಮಾಸ್ತ್ರದಂತೆ ಎತ್ತಿ ಹಿಡಿಯುತ್ತಿದ್ದರು. ಆದರೆ ಆ ಮೋಟರು ಯಾರ ಬಾವಿಯ ನೀರನ್ನೂ ಎತ್ತಲಿಲ್ಲ. ನಮ್ಮ ದೇಶದ 1970ರ ಪೇಟೆಂಟ್ ಕಾಯಿದೆಯಾದರೋ ದೃಢಪಟ್ಟ ನಿಸರ್ಗನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದದ್ದನ್ನು ಆವಿಷ್ಕಾರವೆಂದೇ ಎಣಿಸುವುದಿಲ್ಲ.

ಓದುಬರಹವಿಲ್ಲದವರಷ್ಟೇ ಈ ಸೆಳೆತಕ್ಕೆ ಸಿಕ್ಕುವರೆಂದು ತಿಳಿಯುವುದೂ ತಪ್ಪು. 1831ರಲ್ಲಿ ಮೈಕೆಲ್ ಫ್ಯಾರಡೆ ಕಾಂತದ ಧ್ರುವಗಳ ನಡುವೆ ತಾಮ್ರದ ಬಿಲ್ಲೆಯನ್ನು ತಿರುಗಿಸಿ ವಿದ್ಯುತ್ತನ್ನು ಪಡೆದ. ಆ ಬಿಲ್ಲೆಯ ವಂಶದ ಯಂತ್ರವೊಂದನ್ನು ನಮ್ಮ ಕಾಲದಲ್ಲಿ ಅಮೆರಿಕದ ಬ್ರೂಸ್ ಡಿಪಾಮ ಕಟ್ಟಿ, ಕೊಟ್ಟದ್ದಕ್ಕಿಂತ ಹೆಚ್ಚು ಬರುತ್ತದೆಂದು ಸಾರಿದ. ಅದೇ ದಾರಿಯಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿ ಹಾಗೆಯೇ ಬರೆದವರು ಪರಮಹಂಸ ತಿವಾರಿಯವರು. ಅವರು ಸಾಮಾನ್ಯರಲ್ಲ, ನಮ್ಮ ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಯೋಜನೆಯ ನಿರ್ದೇಶಕರಾಗಿದ್ದ ಹಿರಿಯ ಇಂಜಿನಿಯರು. ಅವರ ಲೆಕ್ಕವನ್ನು ವಿಜ್ಞಾನಲೋಕ ಒಪ್ಪಲಿಲ್ಲ. ಪದವಿಯಾಗಲಿ ಪಾಂಡಿತ್ಯವಾಗಲಿ ಯಂತ್ರದ ಪರವಾಗಿ ಸಾಕ್ಷಿ ಹೇಳಲಾರದು; ಯಂತ್ರವೇ ಹೇಳಬೇಕು, ಬೇರೆಯವರ ಕೈಯಲ್ಲಿಯೂ ಹೇಳಬೇಕು.

“ಹಾಗಾದರೆ ರಾತ್ರಿಯೆಲ್ಲ ತಿರುಗಿತಲ್ಲ?” ಎಂದು ನಾನು ಕೊನೆಯ ಗಂಟಿಗೆ ಕೈಹಾಕಿದೆ. ಸಹೋದ್ಯೋಗಿ ಕರಪತ್ರದ ಹಿಂಬದಿಯಲ್ಲಿ ಲೆಕ್ಕ ಬರೆದರು. ಬ್ಯಾಟರಿ 12 ವೋಲ್ಟು, 7 ಆಂಪಿಯರ್-ಗಂಟೆ. ಗುಣಿಸಿದರೆ 84 ವ್ಯಾಟ್-ಗಂಟೆ. ಯಾವ ಭಾರವನ್ನೂ ಎತ್ತದೆ ಬರಿದೆ ತಿರುಗುವ ಸೈಕಲ್ ಚಕ್ರಕ್ಕೆ ಗಾಳಿಯ ತಡೆಯನ್ನೂ ಬೇರಿಂಗಿನ ಉಜ್ಜನ್ನೂ ಗೆಲ್ಲಲು ಒಂದು ವ್ಯಾಟು ಸಾಕೆಂದುಕೊಳ್ಳೋಣ. ಆಗ 84 ಗಂಟೆ, ಎಂದರೆ ಮೂರೂವರೆ ದಿನ, ಅದು ಬ್ಯಾಟರಿಯಿಂದಲೇ ತಿರುಗಬಹುದು. ಒಂದು ರಾತ್ರಿ ಯಾವ ಲೆಕ್ಕ? ಸುರುಳಿಯಿಂದ ಬ್ಯಾಟರಿಗೆ ಹಿಂದಿರುಗುವುದು ಕೊಟ್ಟದ್ದರಲ್ಲಿ ಒಂದು ಪಾಲು ಮಾತ್ರ. ಇನ್ನು ವೋಲ್ಟೇಜು ಇಳಿಯದಿದ್ದದ್ದು: ಬ್ಯಾಟರಿ ಅರ್ಧ ಬರಿದಾದರೂ ಮೀಟರು 12ರ ಆಸುಪಾಸಿನಲ್ಲಿಯೇ ಇರುತ್ತದೆ, ಕೆರೆ ಅರ್ಧ ಬತ್ತಿದರೂ ದೂರದಿಂದ ನೀರು ಕಾಣುವ ಹಾಗೆ. ಆಮೇಲೆ ಅವರು ಮತ್ತೊಂದು ಲೆಕ್ಕ ಹೇಳಿದರು. ಆ ಬ್ಯಾಟರಿಯ ಶಕ್ತಿಯನ್ನೆಲ್ಲ ಚೂರೂ ನಷ್ಟವಿಲ್ಲದೆ ಬಳಸಿದರೂ ಸಾವಿರ ಅಡಿಯ ಆಳದಿಂದ ಎತ್ತಬಹುದಾದ ನೀರು ಸುಮಾರು 100 ಲೀಟರು. ಆರೇಳು ಬಿಂದಿಗೆ! ಎರಡು ಎಕರೆ ತೋಟವನ್ನೂ ಹೆಗಲ ಚೀಲದ ಹಣವನ್ನೂ ನೆನೆದು ನನ್ನ ಬಾಯಿ ಒಣಗಿತು.

ಇದನ್ನು ಅಣ್ಣನಿಗೆ ಹೇಗೆ ಹೇಳುವುದು? ಹೇಳದಿದ್ದರೆ ರೈತರಿಗೆ ಕೇಡು. ಹೇಳಿದರೆ ಸ್ನೇಹಕ್ಕೆ ಕೇಡು. ನಾನು ಮಾತು ಹುಡುಕುತ್ತಿರುವಾಗಲೇ ಸಹೋದ್ಯೋಗಿ, “ನೀವು ಏನೂ ಹೇಳಬೇಡಿ. ಅವರು ಮೋಟರಿನವರು, ಪರೀಕ್ಷೆ ಎಂದರೆ ಅರ್ಥವಾಗುತ್ತದೆ,” ಎಂದು ತಾವೇ ಅಂಗಡಿಗೆ ಬಂದರು. ಪರೀಕ್ಷೆ ಸರಳವಾದದ್ದು. ಬ್ಯಾಟರಿಯನ್ನು ತುಂಬಿಸಿ ಚಾರ್ಜರನ್ನು ತೆಗೆದಿಡುವುದು, ಚಕ್ರವನ್ನು ಬಿಡುವುದು, ನಿಲ್ಲುವ ತನಕ ಯಾರೂ ಮುಟ್ಟದಿರುವುದು, ಹೊತ್ತು ಹೊತ್ತಿಗೆ ಸುತ್ತುಗಳನ್ನು ಎಣಿಸಿ ಬರೆಯುವುದು. ಗಡಿಯಾರದವರಿಗೆ ಸಿಟ್ಟು ಬಂತು. ಅಣ್ಣ ಮಾತ್ರ ಕ್ಷಣಕಾಲ ಸುಮ್ಮನಿದ್ದು, “ಮಾಡಾನ. ನನ್ನ ಮೋಟ್ರು ಭಾರಕ್ಕೆ ಹಾಕದೆ ಯಾರಿಗೂ ಕೊಟ್ಟವನಲ್ಲ. ಇದನ್ನ ಯಾಕೆ ಬಿಡ್ಲಿ?” ಎಂದರು.

ಭಾನುವಾರ ಬೆಳಗ್ಗೆ ಆರು ಗಂಟೆಗೆ ಚಕ್ರವನ್ನು ಬಿಟ್ಟರು. ಶಾಲೆಯ ನೋಟುಪುಸ್ತಕವೊಂದರಲ್ಲಿ ಗೆರೆ ಎಳೆದು ಗಂಟೆ, ಸುತ್ತು, ವೋಲ್ಟೇಜು ಎಂದು ಮೂರು ಸಾಲು ಮಾಡಿದರು. ಭಾನುವಾರ ಉತ್ಸಾಹವಿತ್ತು. ಸೋಮವಾರವೂ ಚಕ್ರ ಹಾಗೆಯೇ ಇತ್ತು; ಗಡಿಯಾರದವರು ನನ್ನನ್ನು ನೋಡಿ ಮೀಸೆಯಲ್ಲಿ ನಕ್ಕರು. ಮಂಗಳವಾರ ಮಧ್ಯಾಹ್ನ ಸುತ್ತುಗಳ ಸಾಲಿನಲ್ಲಿ ಅಂಕಿಗಳು ಸ್ವಲ್ಪ ಸ್ವಲ್ಪವಾಗಿ ಸಣ್ಣವಾಗತೊಡಗಿದವು. ಮೀಟರು ಇನ್ನೂ ದೊಡ್ಡದಾಗಿ ಇಳಿದಿರಲಿಲ್ಲ. ಆ ರಾತ್ರಿ ಅಣ್ಣ ಅಂಗಡಿಯಲ್ಲಿಯೇ ಮಲಗಿದರು. ಚಾರ್ಜರು ಕೈಗೆಟಕುವ ಗೂಡಿನಲ್ಲಿತ್ತು. ನೋಡುವವರು ಯಾರೂ ಇರಲಿಲ್ಲ. ಹತ್ತು ನಿಮಿಷ ತಂತಿ ತಗುಲಿಸಿದ್ದರೆ ಚಕ್ರ ಇನ್ನಷ್ಟು ಹೊತ್ತು ತಿರುಗುತ್ತಿತ್ತು.

ಬುಧವಾರ ಬೆಳಗ್ಗೆ ನಾನು ಹೋದಾಗ ಚಕ್ರ ನಿಂತಿತ್ತು. ನೋಟುಪುಸ್ತಕದ ಕೊನೆಯ ಸಾಲಿನಲ್ಲಿ ಅವರ ಗುಂಡಗಿನ ಅಕ್ಷರ: “4 ಗಂಟೆ 20 ನಿಮಿಷ. ನಿಂತಿತು.” ಕೆಳಗೊಂದು ಗೆರೆ. ಗೆರೆಯ ಕೆಳಗೆ ಸಹಿ. ಲೆಕ್ಕ ಹೇಳಿದ 84 ಗಂಟೆಯನ್ನೂ ಅದು ಮುಟ್ಟಿರಲಿಲ್ಲ. ಹಳೆಯ ಬ್ಯಾಟರಿ ಹೆಸರಿಗೆ ತಕ್ಕಷ್ಟು ಕೊಡುವುದಿಲ್ಲವಂತೆ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. “ನೀವು ಕಾಫಿ ಕುಡೀರಿ, ಮೇಷ್ಟ್ರೇ,” ಎಂದರು.

ಹತ್ತು ಗಂಟೆಗೆ ರೈತರು ಬಂದರು. ಹೆಗಲಲ್ಲಿ ಅದೇ ಚೀಲ. ಅಣ್ಣ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದು ನಿಂತ ಚಕ್ರವನ್ನು ತೋರಿಸಿದರು, ನೋಟುಪುಸ್ತಕವನ್ನೂ ತೋರಿಸಿದರು. “ನಿಂತೋಯ್ತಣ್ಣ. ಇದು ಬ್ಯಾಟರಿ ತಿಂದು ತಿರುಗ್ತಿತ್ತು. ನಾನೇ ತಿಳ್ಕೊಂಡಿದ್ದು ತಪ್ಪು. ದುಡ್ಡು ಮಗಳ ಫೀಸಿಗೆ ಕಟ್ಟು,” ಎಂದರು. ರೈತರು ಬಹಳ ಹೊತ್ತು ಚಕ್ರವನ್ನೇ ನೋಡಿದರು. ಮತ್ತೆ ಮಡಿಸಿದ ಹಳದಿ ಕಾಗದವನ್ನು ಜೇಬಿನಿಂದ ತೆಗೆದು, “ಮತ್ತೆ ಇದರಾಗೆ ಹಂಗೆ ಬರೆದೈತಲ್ಲ?” ಎಂದು ಕೇಳಿದರು. ಆ ಪ್ರಶ್ನೆ ಅಣ್ಣನಿಗಲ್ಲ. “ಬರೆದದ್ದು ನಾನು. ನೋಡದೆ ಬರೆದೆ,” ಎಂದೆ. ಇಪ್ಪತ್ತು ವರ್ಷ ತರಗತಿಯಲ್ಲಿ ಮಾತಾಡಿದ ನನಗೆ ಆ ಎರಡು ವಾಕ್ಯಗಳನ್ನು ಮುಗಿಸುವುದು ಕಷ್ಟವಾಯಿತು.

ವಿಚಾರಿಸಿದರೆ, ಆ ನಾಲ್ವರು ಮೋಸಗಾರರಲ್ಲ. ಅವರು ಕಟ್ಟಿದರು, ನಿಲ್ಲಿಸಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಯಂತ್ರ ಹೇಳಿದ್ದನ್ನು ಕೊನೆಗೆ ಕೇಳಿದರು. ಹಳೆಯ ಹೆಸರಿನ ಮೆರುಗನ್ನು ಹಚ್ಚಿ, ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಹೋದವನು ನಾನು. ಭಾಸ್ಕರಾಚಾರ್ಯನ ಗಣಿತದ ಹಿರಿಮೆ ಪಾದರಸದ ಚಕ್ರದಿಂದ ಹೆಚ್ಚಿದ್ದೂ ಇಲ್ಲ, ಅದು ತಿರುಗದಿದ್ದುದರಿಂದ ಕುಂದಿದ್ದೂ ಇಲ್ಲ. ಆದರೆ ಅವನ ಹೆಸರನ್ನು ಸಾಕ್ಷಿಗೆ ಕರೆಯುವ ಮುನ್ನ ನಾನು ಅಂಗಡಿಯಲ್ಲಿ ಮೂರು ದಿನ ಕೂರಬೇಕಾಗಿತ್ತು.

ಚಕ್ರ ನಿಂತರೂ ಕಲಿತದ್ದು ನಿಲ್ಲಲಿಲ್ಲ. ಅಂಟುವ ಜಾಗವನ್ನು ಗುರುತಿಸಿ, ಸರಿಯಾದ ಕ್ಷಣಕ್ಕೆ ಸುರುಳಿಗೆ ಕರೆಂಟು ಕೊಡುವ ಹುಡುಗನ ಉಪಾಯವಿತ್ತಲ್ಲ, ಅದು ಸುಳ್ಳಲ್ಲ. ನಿಜವಾದ ಕಾಂತಮೋಟರಿನ ಜೀವಾಳವೇ ಅದು. ಈಗ ಬೀದಿಯಲ್ಲಿ ಸದ್ದಿಲ್ಲದೆ ಓಡುವ ವಿದ್ಯುತ್ ಸ್ಕೂಟರುಗಳಲ್ಲಿಯೂ, ಹೊಸ ಬಗೆಯ ಫ್ಯಾನುಗಳಲ್ಲಿಯೂ ಇರುವುದು ಅದರ ತಿದ್ದಿದ ರೂಪ. ಹಳೆಯ ಫ್ಯಾನಿನಲ್ಲಿ ತಿರುಗುವ ಭಾಗಕ್ಕೆ ಕಾಂತತೆಯನ್ನು ಹುಟ್ಟಿಸುವುದಕ್ಕೂ ಕರೆಂಟೇ ಖರ್ಚಾಗಬೇಕು. ಅದರಲ್ಲಿ ಬಹಳಷ್ಟು ಬಿಸಿಯಾಗಿ ಹೋಗುತ್ತದೆ. ಹೊಸದರಲ್ಲಿ ಸ್ಥಿರಕಾಂತ ಮೊದಲೇ ಕುಳಿತಿರುವುದರಿಂದ ಆ ಖರ್ಚು ಉಳಿಯುತ್ತದೆ. ಆದ್ದರಿಂದಲೇ ಸುಮಾರು 75 ವ್ಯಾಟು ಬೇಡುತ್ತಿದ್ದ ಗಾಳಿಯನ್ನು ಇದು ಸುಮಾರು 30 ವ್ಯಾಟಿನಲ್ಲಿ ಬೀಸುತ್ತದೆ. ಕಾಂತ ದುಡಿಯುವುದಿಲ್ಲ, ದುಡಿಯುವವನ ಭಾರವನ್ನು ಕಡಮೆ ಮಾಡುತ್ತದೆ. ಇಷ್ಟು ಕಡಮೆಯಾದರೂ ನಮ್ಮಂಥ ಊರಿಗೆ ಸಣ್ಣ ಲಾಭವೇನಲ್ಲ. ಹಂಗಿಲ್ಲದ ಶಕ್ತಿಯನ್ನು ಹುಡುಕುವವರಿಗೆ ತಿರುಮಣಿಯ ಬಯಲಿನಲ್ಲಿ ಸಾಲುಗಟ್ಟಿ ಕುಳಿತ ಗಾಜಿನ ಹಲಗೆಗಳಿವೆ, ಅವೂ ಹಂಗಿಲ್ಲದವಲ್ಲ, ಸೂರ್ಯನ ಹಂಗಿನವು, ಸಂಜೆಯಾದರೆ ಸುಮ್ಮನಾಗುತ್ತವೆ.

ಭಾನುವಾರದ ಸಭೆ ಈಗಲೂ ನಡೆಯುತ್ತದೆ. ಹುಡುಗ ಹೊಸ ಫ್ಯಾನುಗಳನ್ನು ಬಿಚ್ಚಿ ಮಾವನಿಗೆ ಕಲಿಸುತ್ತಾನೆ. ಪಂಪಿಗೆ ಅಂಥ ಮೋಟರನ್ನು ಹೊಂದಿಸಿ ಸೂರ್ಯನ ಬಿಸಿಲಿನಿಂದಲೇ ನಡೆಸುವ ಮಾತೂ ನಡೆದಿದೆ. ಪ್ರತಿಯೊಂದಕ್ಕೂ ಒಂದು ನೋಟುಪುಸ್ತಕವಿದೆ. ಎರಡನೆಯ ಚಕ್ರ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿದೆ. ವಿದ್ಯಾರ್ಥಿಗಳು ಅದನ್ನು ಬ್ಯಾಟರಿಗೆ ಜೋಡಿಸಿ, ಇಷ್ಟು ಗಂಟೆಗೆ ನಿಲ್ಲಬೇಕೆಂದು ಮೊದಲೇ ಲೆಕ್ಕ ಹಾಕಿ, ಕಾದು ಕುಳಿತು ನೋಡುತ್ತಾರೆ.

ಮೊನ್ನೆ ನಮ್ಮ ಮನೆಯ ಫ್ಯಾನು ಕೆಟ್ಟಿತು. ಅಣ್ಣ ಸರಿಮಾಡಿ ಕಳುಹಿಸಿದರು. ಜೊತೆಗೆ ಒಂದು ಚೀಟಿ. ಬೇರಿಂಗು ಇಷ್ಟು, ತಂತಿ ಇಷ್ಟು, ಕೂಲಿ ಇಷ್ಟು ಎಂದು ಗುಂಡಗಿನ ಅಕ್ಷರದಲ್ಲಿ ಬರೆದಿತ್ತು. ಕಾಗದ ಹಳದಿಯದು. ತಿರುಗಿಸಿ ನೋಡಿದೆ. ಒಂದು ಮಗ್ಗುಲು ಖಾಲಿಯಿದ್ದ ಒಳ್ಳೆಯ ಕಾಗದವನ್ನು ಹಾಳುಮಾಡುವುದೇಕೆಂದು ಉಳಿದ ಕರಪತ್ರಗಳನ್ನೆಲ್ಲ ಅವರು ಅಂಗಡಿಯ ಚೀಟಿಗೆ ಇಟ್ಟುಕೊಂಡಿದ್ದಾರೆ. ಇನ್ನೂ ನೂರಕ್ಕೆ ಮೇಲೆ ಇವೆಯಂತೆ.